ಚದರಡಿಗೆ ಐದು ರೂಪಾಯಿ ಮೂವತ್ತೈದು ಪೈಸೆ

ಬೆಂಗಳೂರಿನ ದಂಡು ರೈಲು ನಿಲ್ದಾಣದ ಉತ್ತರಕ್ಕೆ, ಬಳ್ಳಾರಿ ರಸ್ತೆಗೂ ಜಯಮಹಲ್ ರಸ್ತೆಗೂ ನಡುವೆ, 472 ಎಕರೆ 16 ಗುಂಟೆ ಜಾಗವಿದೆ. ಒಳಗೆ ಅರಮನೆ. ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಗ್ಯಾರೆಟ್ ಸಾಹೇಬರು ಕಟ್ಟಿಸಲು ತೊಡಗಿದ್ದ ಕಟ್ಟಡವನ್ನು 1873ರಲ್ಲಿ ಮೈಸೂರು ಮಹಾರಾಜರಿಗಾಗಿ 40,000 ರೂಪಾಯಿಗೆ ಕೊಂಡರು. 1996ರಲ್ಲಿ ಕರ್ನಾಟಕ ಸರ್ಕಾರ ಒಂದು ಕಾಯ್ದೆ ತಂದು ಅರಮನೆ, ಮೈದಾನ, ಮರಗಿಡ ಅಷ್ಟನ್ನೂ ತನ್ನದಾಗಿಸಿಕೊಳ್ಳಲು ಹೊರಟಿತು. ಪರಿಹಾರ 11 ಕೋಟಿ ರೂಪಾಯಿ.

ಎಕರೆಗೆ 40 ಗುಂಟೆ. ಗುಂಟೆ ಎಂದರೆ 33 ಅಡಿ ಚೌಕ, 1,089 ಚದರಡಿ. ಈ ಎರಡನ್ನು ನೆನಪಿಟ್ಟುಕೊಂಡರೆ ಬೆಂಗಳೂರಿನ ಅರ್ಧ ಚರಿತ್ರೆಯನ್ನು ಬಾಯಿಲೆಕ್ಕದಲ್ಲೇ ಮಾಡಬಹುದು. ಅರಮನೆಯ ಜಾಗ 2 ಕೋಟಿ 5 ಲಕ್ಷ 77 ಸಾವಿರದ 744 ಚದರಡಿ. 11 ಕೋಟಿಯನ್ನು ಅದರಿಂದ ಭಾಗಿಸಿದರೆ ಚದರಡಿಗೆ ಐದು ರೂಪಾಯಿ ಮೂವತ್ತೈದು ಪೈಸೆ.

ಮುಂದಿನ ಅಂಕಿ 2024ರದು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳನ್ನು ಅಗಲ ಮಾಡಲು ಇದೇ ಜಾಗದ ಅಂಚಿನಿಂದ ಹದಿನೈದು ಚಿಲ್ಲರೆ ಎಕರೆ ಬೇಕಾಯಿತು. ಅದಕ್ಕೆ ರಾಜವಂಶಸ್ಥರಿಗೆ ಟಿಡಿಆರ್ ಕೊಡಿ ಎಂದು ಆ ವರ್ಷದ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಹೇಳಿತು. ಟಿಡಿಆರ್ ನಗದಲ್ಲ, ಕಳೆದುಕೊಂಡ ನೆಲಕ್ಕೆ ಬದಲಾಗಿ ಬೇರೆಡೆ ಇಷ್ಟು ಚದರಡಿ ಹೆಚ್ಚಿಗೆ ಕಟ್ಟಬಹುದು ಎಂಬ ಹಕ್ಕಿನ ಪತ್ರ. ಬಿಲ್ಡರುಗಳಿಗೆ ಮಾರಬಹುದು. ಬಳ್ಳಾರಿ ರಸ್ತೆಯ ಬದಿಗೆ ಲೆಕ್ಕ ಹಿಡಿದ ದರ ಚದರ ಮೀಟರಿಗೆ ಸುಮಾರು 2.83 ಲಕ್ಷ ರೂಪಾಯಿ, ಅಂದರೆ ಚದರಡಿಗೆ 26,300ರ ಆಸುಪಾಸು. ಒಟ್ಟು ಟಿಡಿಆರ್ ಮೌಲ್ಯ 3,000 ಕೋಟಿ ಮುಟ್ಟುತ್ತದೆ ಎಂದು ಸರ್ಕಾರವೇ ಗಾಬರಿಬಿದ್ದು, ಅದನ್ನು ತಪ್ಪಿಸಿಕೊಳ್ಳಲು 2025ರ ಆರಂಭದಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. 1996ರ ಕಾಯ್ದೆಯನ್ನು ಹೈಕೋರ್ಟ್ 1997ರಲ್ಲೇ ಎತ್ತಿಹಿಡಿದಿತ್ತು, ಅದರ ಮೇಲಿನ ಮೇಲ್ಮನವಿ ದೆಹಲಿಯಲ್ಲಿ ಕಾಲು ಶತಮಾನ ದಾಟಿ ಕೂತಿದೆ. ಯಾರು ಸರಿ ಎಂಬುದು ಕೋರ್ಟಿನ ಬಾಬತ್ತು. ನಮಗೆ ಲೆಕ್ಕ ಸಾಕು: ಹೊಸ ದರದಲ್ಲಿ ಒಂದು ಗುಂಟೆಗೆ 2 ಕೋಟಿ 86 ಲಕ್ಷ. ಇಡೀ 472 ಎಕರೆಗೆ ಇಟ್ಟಿದ್ದ 11 ಕೋಟಿಗೆ ಈಗ ಅದೇ ಜಾಗದ ಅಂಚಿನಲ್ಲಿ ನಾಲ್ಕು ಗುಂಟೆಯೂ ಬರುವುದಿಲ್ಲ.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಐನೂರರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ನೆಲದ ಮೇಲೆ ಸಂದಿಲ್ಲದಂತೆ ಹಾಸಿಕೊಂಡು ಹೋದರೆ ಒಂದು ಚದರಡಿಗೆ ಸುಮಾರು 4,700 ರೂಪಾಯಿ ಹಿಡಿಯುತ್ತದೆ. ಬೆಂಗಳೂರಿನ ಪೂರ್ವದಲ್ಲಿ ಈ ದರಕ್ಕೆ ಸೈಟು ಸಿಕ್ಕರೆ ಜನ ಅನುಮಾನಪಡುತ್ತಾರೆ, ಕಾಗದದಲ್ಲಿ ಏನೋ ಐಬಿರಬೇಕು ಅಂತ. ಬಳ್ಳಾರಿ ರಸ್ತೆಯ ಬದಿಗೆ ಐನೂರರ ನೋಟುಗಳನ್ನು ಐದು ಪದರ ಹಾಸಿ, ಆರನೆಯದರಲ್ಲೂ ಅರ್ಧ ದಾಟಬೇಕು. 1996ರ ದರಕ್ಕಾದರೆ ಎರಡು ಚದರಡಿಗೆ ಹತ್ತು ರೂಪಾಯಿಯ ಒಂದು ನೋಟು, ಮೇಲೆ ಎಪ್ಪತ್ತು ಪೈಸೆ ಚಿಲ್ಲರೆ.

ಎರಡು ಅಂಕಿಗಳ ನಡುವೆ ಸುಮಾರು 4,900 ಪಟ್ಟು ಅಂತರ. ಇಪ್ಪತ್ತೆಂಟು ವರ್ಷದ ಬೆಲೆಯೇರಿಕೆ ಅದರಲ್ಲಿ ಸಣ್ಣ ಪಾಲು. ವರ್ಷಕ್ಕೆ ಹತ್ತು ಪರ್ಸೆಂಟ್ ಚಕ್ರಬಡ್ಡಿ ಹಾಕಿದರೂ 11 ಕೋಟಿ 160 ಕೋಟಿಯೂ ಆಗುವುದಿಲ್ಲ. ಊರು ಬೆಳೆದದ್ದು ಇನ್ನೊಂದು ಪಾಲು. ಉಳಿದದ್ದು ಆ ನೆಲವನ್ನು ಯಾವ ಕಾಗದದ ಮೂಲಕ ನೋಡುತ್ತೀರಿ ಎಂಬುದರಿಂದ ಬಂದದ್ದು: ವಶಪಡಿಸಿಕೊಳ್ಳುವ ಕಾಯ್ದೆಯ ಮೂಲಕವೋ, ನೋಂದಣಿ ಇಲಾಖೆಯ ಮಾರ್ಗಸೂಚಿ ದರಪಟ್ಟಿಯ ಮೂಲಕವೋ. ಅರಮನೆಯಿಂದ ಶಿವಾಜಿನಗರ, ಹಲಸೂರು, ಇಂದಿರಾನಗರ ದಾಟಿ ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದ ತನಕ ಹೋದರೆ, ಒಂದೇ ಕೆಮ್ಮಣ್ಣಿನ ಮೇಲೆ ಈ ಕಾಗದ ಎಷ್ಟು ಸಲ ಬದಲಾಗುತ್ತದೆ ನೋಡಿ.

ದಂಡಿನಿಂದಲೇ ಶುರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೇನೆಯನ್ನು ಹಲಸೂರಿನ ಸುತ್ತಮುತ್ತ ತಂದು ನೆಲೆಗೊಳಿಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂತಿರುಗಿಸುವಾಗ ಸುಮಾರು 13 ಚದರ ಮೈಲಿಯನ್ನು ಮಾತ್ರ ತಮ್ಮ ಕೈಯಲ್ಲೇ ಉಳಿಸಿಕೊಂಡರು. ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ನೆಲ ಮಹಾರಾಜರದು, ಆಡಳಿತ ರೆಸಿಡೆಂಟರದು. 1901ರ ಜನಗಣತಿಯಲ್ಲಿ ಪೇಟೆಯ ಬೆಂಗಳೂರಿನಲ್ಲಿ 69,447 ಮಂದಿ, ದಂಡಿನಲ್ಲಿ 89,599. ಊರಿಗಿಂತ ಊರಾಚೆಯೇ ದೊಡ್ಡದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ತೆರಿಗೆ, ಬೇರೆ ದಫ್ತರ. ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮೊದಲು, 1947ರ ಜುಲೈ 26ರಂದು, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ದಫ್ತರಗಳು ಮಾತ್ರ ಅಷ್ಟು ಸಲೀಸಾಗಿ ಸೇರುವಂಥವಲ್ಲ. ದಂಡಿನ ಹಳೆಯ ಬಂಗಲೆಯ ಮೂಲಪತ್ರ ಹುಡುಕುವ ವಕೀಲರು ಈಗಲೂ ಎರಡು ಸರ್ಕಾರಗಳ ಕಾಲಕ್ಕೆ ಹೋಗಿ ಬರಬೇಕು.

ಆ ಬಂಗಲೆಗಳಲ್ಲಿ ಎಷ್ಟೋ ಕಟ್ಟಿಸಿದವರು ಕುದುರೆ ವ್ಯಾಪಾರಕ್ಕೆಂದು ಇರಾನಿನ ಶಿರಾಜ್‌ನಿಂದ ಬಂದ ಆಗಾ ಅಲಿ ಅಸ್ಕರ್. ದಿವಾನ್ ಮಿರ್ಜಾ ಇಸ್ಮಾಯಿಲರ ಅಜ್ಜ. ಕುದುರೆಯಲ್ಲಿ ಬಂದ ಲಾಭವನ್ನು ನೆಲಕ್ಕೆ, ಗೋಡೆಗೆ ಹಾಕಿದರು. ಬೆಂಗಳೂರಿನಲ್ಲಿ ದುಡ್ಡು ಮಾಡಿದವರು ಇಂದಿಗೂ ಮಾಡುವುದು ಅದನ್ನೇ. ಕುದುರೆಯ ಜಾಗಕ್ಕೆ ಸಾಫ್ಟ್‌ವೇರ್ ಬಂದಿದೆ ಅಷ್ಟೆ.

ದಂಡು ಎಂಬ ಹೆಸರು ಉಳಿದರೂ ಕಾನೂನಿನ ಪ್ರಕಾರ ಬೆಂಗಳೂರು ಈಗ ದಂಡುಪ್ರದೇಶವಲ್ಲ. ಕರ್ನಾಟಕಕ್ಕೆಲ್ಲ ಕಂಟೋನ್ಮೆಂಟ್ ಬೋರ್ಡ್ ಇರುವುದು ಬೆಳಗಾವಿಯಲ್ಲಿ ಮಾತ್ರ. ಆದರೂ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಗೋಡೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅದರ ಪಕ್ಕ ನಡೆದವರಿಗೆ ಗೊತ್ತು. ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು ಈ ಸ್ಯಾಪರ್ಸ್ ಸೇನಾ ಆವರಣದಲ್ಲೇ ಇದೆ. ದೇಶದಾದ್ಯಂತ ರಕ್ಷಣಾ ಸಚಿವಾಲಯದ ಹೆಸರಿನಲ್ಲಿರುವ ನೆಲ ಸುಮಾರು 18 ಲಕ್ಷ ಎಕರೆ, ಅಂದರೆ 7,200 ಚದರ ಕಿಲೋಮೀಟರಿಗೂ ಹೆಚ್ಚು. ಬಿಬಿಎಂಪಿ ಎಂಬ ಒಂದೇ ಪಾಲಿಕೆ ಇದ್ದಾಗಿನ ಇಡೀ ಬೆಂಗಳೂರಿನಂಥ ಹತ್ತು ಊರು ಅದರಲ್ಲಿ ಹಿಡಿಯುತ್ತವೆ.

ಅದೇ ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನವಿದೆ. ನಮ್ಮ ಕಾನೂನಿನಲ್ಲಿ ಗುಡಿಯ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ. ದಾವೆ ಹೂಡಬಹುದು, ದೇವರ ಮೇಲೂ ದಾವೆ ಹೂಡಬಹುದು. ಆದರೆ ಎಷ್ಟೇ ಶತಮಾನ ಕಳೆದರೂ ಅಪ್ರಾಪ್ತ ವಯಸ್ಕ. ಪರವಾಗಿ ಇನ್ನೊಬ್ಬರು ಸಹಿ ಹಾಕಬೇಕು. ಶಿವಾಜಿನಗರಕ್ಕೆ ಬಂದರೆ ಮಸೀದಿ, ದರ್ಗಾಗಳ ವಕ್ಫ್ ಆಸ್ತಿ. ಒಮ್ಮೆ ವಕ್ಫ್ ಆದದ್ದು ಅಲ್ಲಾಹನಿಗೆ ಸೇರಿತು, ಮುತವಲ್ಲಿ ನೋಡಿಕೊಳ್ಳಬಹುದು, ತನ್ನದೆಂದು ಮಾರುವಂತಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ 1927ರ ರಸೆಲ್ ಮಾರುಕಟ್ಟೆ. ಹೂವಿನವರು, ಹಣ್ಣಿನವರು, ಮಾಂಸದವರು ತಲೆಮಾರುಗಳಿಂದ ಕೂತ ಅಂಗಡಿ. ಕಟ್ಟಡ ಪಾಲಿಕೆಯದು, ಅಂಗಡಿಯವರು ಬಾಡಿಗೆದಾರರು. ಅಜ್ಜ ಕೂತ ಕಟ್ಟೆಯ ಮೇಲೆ ಮೊಮ್ಮಗ ಕೂತರೂ ಕಾಗದದಲ್ಲಿ ಅದು ಅವನದಲ್ಲ.

ಸೈನ್ಯದ್ದು, ದೇವರದ್ದು, ಪಾಲಿಕೆಯದ್ದು. ಖಾಸಗಿ ಎನ್ನುವುದು ಇವುಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಅದೂ ಅಖಂಡವಲ್ಲ. ಶಿವಾಜಿನಗರದ ಗಲ್ಲಿಗಳಲ್ಲಿ ಮನೆಯ ಯಜಮಾನ ಒಬ್ಬ, ಕೆಲವು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಭೋಗ್ಯಕ್ಕೆ ಇರುವವನು ಇನ್ನೊಬ್ಬ. ಬೆಂಗಳೂರಿನವರು ಇದನ್ನು ‘ಲೀಸ್’ ಅನ್ನುತ್ತಾರೆ. ಅವಧಿ ಮುಗಿದಾಗ ಕೊಟ್ಟ ದುಡ್ಡು ಪೂರ್ತಿ ವಾಪಸು ಬರಬೇಕು. ಯಜಮಾನನಿಗೆ ಬ್ಯಾಂಕಿಗೆ ಹೋಗದೆ ಸಾಲ ಸಿಕ್ಕಿತು, ಇರುವವನಿಗೆ ಬಡ್ಡಿಯ ಬದಲು ಸೂರು ಸಿಕ್ಕಿತು. ಮಾಲೀಕತ್ವವನ್ನು ಹೀಗೆ ಸೀಳಿ ಮಾರುವ ಜಾಣ್ಮೆಗೆ ಯಾವ ಅರ್ಥಶಾಸ್ತ್ರಜ್ಞನ ಅಪ್ಪಣೆಯೂ ಬೇಕಾಗಿರಲಿಲ್ಲ.

ಇಂದಿರಾನಗರದ ಕತೆ ಬೇರೆ, ಅದು ಹುಟ್ಟಿದ ಕಾಲವೇ ವಿಚಿತ್ರ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿ ರದ್ದಾಯಿತು, ಉಳುವವನೇ ಒಡೆಯನಾದ. 1976ರಲ್ಲಿ ನಗರ ಭೂಮಿತಿ ಕಾಯ್ದೆ: ಬೆಂಗಳೂರಿನಲ್ಲಿ ಯಾರೂ 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇಟ್ಟುಕೊಳ್ಳುವಂತಿರಲಿಲ್ಲ. 30×40ರ ಸೈಟಿನ ಲೆಕ್ಕದಲ್ಲಿ ಒಂಬತ್ತೂ ಪೂರ್ತಿ ಆಗದು. ಅದೇ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. 1978ರಲ್ಲಿ ಪಿಟಿಸಿಎಲ್ ಕಾಯ್ದೆ: ದಲಿತರಿಗೆ, ಆದಿವಾಸಿಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿಯಿಲ್ಲದೆ ಪರಭಾರೆಯಾಗಬಾರದು. ಆಮೇಲೆ ಸಂವಿಧಾನದ 44ನೆಯ ತಿದ್ದುಪಡಿ. 1979ರ ಜೂನ್ 20ರಿಂದ ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲ, 300ಎ ವಿಧಿಯಡಿ ಬರೀ ಕಾನೂನುಬದ್ಧ ಹಕ್ಕು. ಐದು ವರ್ಷಗಳಲ್ಲಿ ಇಷ್ಟು. ದೊಡ್ಡ ಹಿಡುವಳಿಗಳ ಮೇಲೆ ಎಲ್ಲ ದಿಕ್ಕಿನಿಂದ ಸುತ್ತಿಗೆ ಬೀಳುತ್ತಿದ್ದ ಆ ದಿನಗಳಲ್ಲೇ ಹಲಸೂರಿನ ಆಚೆ ಬಿಡಿಎ ಗೂಟ ನೆಟ್ಟು, ದಾರ ಎಳೆದು, ಚಿಕ್ಕ ಚಿಕ್ಕ ಮಾಲೀಕರನ್ನು ತಯಾರು ಮಾಡುತ್ತಿತ್ತು. ಬೆಂಗಳೂರಿನಲ್ಲಿ ಬೇರೆ ಮನೆ, ಸೈಟು ಇಲ್ಲ ಎಂದು ಪ್ರಮಾಣಪತ್ರ ಕೊಟ್ಟವರಿಗೆ ಸೈಟು. ಮೊದಲ ಹತ್ತು ವರ್ಷ ಅದು ಲೀಸ್ ಕಂ ಸೇಲ್, ಮಾರುವಂತಿಲ್ಲ. ಆಮೇಲೆ ಶುದ್ಧ ಕ್ರಯಪತ್ರ. ಈ ಒಂದು ಪತ್ರದ ಬಲದಿಂದಲೇ ಗುಮಾಸ್ತರು, ಕಾರ್ಖಾನೆಯವರು, ನಿವೃತ್ತ ಫೌಜಿಗಳು ಮುಂದೆ ಕೋಟ್ಯಧಿಪತಿಗಳಾದರು. ನೂರಡಿ ರಸ್ತೆಯಲ್ಲಿ ಕಾಫಿ ಕುಡಿಯುವವರಿಗೆ ಇದು ಹೊಳೆಯುವುದು ಕಷ್ಟ.

ಕಳೆದುಕೊಂಡವರು? ಎಕರೆಯಲ್ಲಿ ತೆಗೆದುಕೊಂಡು ಚದರಡಿಯಲ್ಲಿ ಕೊಡುವುದು ಬಡಾವಣೆಯ ಗಣಿತ. ರಸ್ತೆ, ಪಾರ್ಕು, ಶಾಲೆಯ ಜಾಗ ಬಿಟ್ಟು ಎಕರೆಯ 43,560 ಚದರಡಿಯಲ್ಲಿ ಸೈಟಿಗೆ ಉಳಿಯುವುದು ಸುಮಾರು 55 ಪರ್ಸೆಂಟ್, 23,958 ಚದರಡಿ. ಈಚಿನ ಬಡಾವಣೆಗಳಲ್ಲಿ ರೈತ ನಗದು ಬೇಡವೆಂದರೆ ಅದರಲ್ಲಿ 40 ಪರ್ಸೆಂಟ್ ಸೈಟು ರೂಪದಲ್ಲಿ ಅವನಿಗೆ: ಎಕರೆಗೆ 9,583 ಚದರಡಿ. ಕೇಳಿದರೆ ಮೋಸದಂತೆ ಕಾಣುತ್ತದೆ, ಆದರೆ ಮಾರುಕಟ್ಟೆ ದರ ಹಾಕಿದರೆ ಹಳೆಯ ಪದ್ಧತಿಯ ನಗದು ಪರಿಹಾರಕ್ಕಿಂತ ಇದು ಎಷ್ಟೋ ಮೇಲು. ಹಳೆಯ ಕಾಲದ ರೈತರಿಗೆ ಈ ಆಯ್ಕೆ ಇರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆ ಸುಮಾರು 120 ವರ್ಷ ನಡೆಯಿತು. 2014ರ ಜನವರಿ 1ರಿಂದ ಹೊಸದು ಬಂತು, ಪಟ್ಟಣದಲ್ಲಿ ಮಾರುಕಟ್ಟೆ ಬೆಲೆಯ ಎರಡರಷ್ಟು ಕೊಡಬೇಕು ಅಂತ. ಆದರೆ ಆ ಕಾಯ್ದೆ ಬಿಡಿಎಗೆ ಅನ್ವಯಿಸದು ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಅಕ್ಕಪಕ್ಕದ ಎರಡು ಹೊಲ ಹೋದರೆ, ಒಂದನ್ನು ಹೆದ್ದಾರಿಯವರು, ಇನ್ನೊಂದನ್ನು ಬಿಡಿಎಯವರು ತೆಗೆದುಕೊಂಡರೆ, ಒಡೆಯರಿಗೆ ಎರಡು ಬೇರೆ ಲೆಕ್ಕ.

ಬಿಡಿಎಯ ಅರ್ಕಾವತಿ ಬಡಾವಣೆಯ ಹೆಸರು ಹೇಳದೆ ಇಲ್ಲಿಂದ ಮುಂದೆ ಹೋಗಲಾಗದು. ಕೆ.ಆರ್. ಪುರ ಹೋಬಳಿಯ ಹಳ್ಳಿಗಳೂ ಸೇರಿ 16 ಹಳ್ಳಿ. 2003ರ ಮೊದಲ ಅಧಿಸೂಚನೆಯಲ್ಲಿ 3,339 ಎಕರೆ 12 ಗುಂಟೆ. 2004ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ಹೈಕೋರ್ಟಿನಲ್ಲಿ ಎರಡು ಸುತ್ತು, 2010ರಲ್ಲಿ ಸುಪ್ರೀಂ ಕೋರ್ಟು, ಆಮೇಲೆ ಡಿನೋಟಿಫಿಕೇಷನ್ನಿನ ರಾಜಕೀಯ, ವಿಚಾರಣಾ ಆಯೋಗ. ಅಧಿಸೂಚನೆ ಹೊರಟಾಗ ಹುಟ್ಟಿದ ಮಕ್ಕಳು ಈಗ ಮತ ಹಾಕುತ್ತಾರೆ. ಸೈಟಿನ ದುಡ್ಡು ಕಟ್ಟಿದವರು, ಜಮೀನು ಕೊಟ್ಟವರು ಇಬ್ಬರಲ್ಲೂ ಕಾಯುತ್ತಲೇ ಉಳಿದವರಿದ್ದಾರೆ. ಇಷ್ಟು ವರ್ಷ ಆ ನೆಲದಲ್ಲಿ ರಾಗಿಯನ್ನಾದರೂ ಬೆಳೆಯಬಹುದಿತ್ತಲ್ಲ ಅನ್ನಿಸುತ್ತದೆ.

ಹಕ್ಕು ಗಟ್ಟಿಯಿದ್ದರೆ ಸಂಪತ್ತು ತಾನೇ ಬರುತ್ತದೆ ಎನ್ನುವವರಿಗೆ ವೈಟ್‌ಫೀಲ್ಡ್ ತೋರಿಸಬೇಕು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಅಲ್ಲಿ 3,900 ಎಕರೆ ಕೊಟ್ಟರು. ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ರಸ್ತೆಗೂ ಜಾಗ ಬಿಡದೆ ಸೈಟು ಕತ್ತರಿಸಿದರೆ 30×40ರವು 1 ಲಕ್ಷ 41 ಸಾವಿರ ಆಗುತ್ತಿದ್ದವು. ಕಾಗದ ಸ್ವಚ್ಛ, ಕೊಟ್ಟವರು ಸಾಕ್ಷಾತ್ ಮಹಾರಾಜರು, ಬಂಗಾರಪೇಟೆ ಕಡೆಯ ರೈಲು ಹತ್ತಿರದಲ್ಲೇ. ಆದರೂ ನೂರು ವರ್ಷ ಅದು ಕೆಂಪು ಹೆಂಚಿನ ಸಣ್ಣ ಊರಾಗಿಯೇ ಇತ್ತು. 1998ರಲ್ಲಿ ಐಟಿಪಿಎಲ್ ಎಂಬ ಸಾಫ್ಟ್‌ವೇರ್ ಪಾರ್ಕು ಬಂತು, ಬೆಲೆ ಓಡತೊಡಗಿತು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಬಂತು, ಇನ್ನೊಂದು ಜಿಗಿತ. ಮೆಟ್ರೋ ಕಟ್ಟಿದ್ದು ಎಲ್ಲರ ತೆರಿಗೆಯಿಂದ, ಸಾಲದಿಂದ. ಮಲಗಿದ್ದು ಎದ್ದವರ ಸೈಟಿನ ಬೆಲೆ ಏರಿತು. 2011ರ ಅಕ್ಟೋಬರಿನಲ್ಲಿ ಹಲಸೂರು, ಇಂದಿರಾನಗರಗಳ ಮೇಲೆ ನಗರದ ಮೊದಲ ಮೆಟ್ರೋ ಓಡಿದಾಗ ಆದದ್ದೂ ಇದೇ. ಆಸ್ತಿ ಹಕ್ಕಿನ ಬಗ್ಗೆ ಭಾಷಣ ಮಾಡುವವರು ಈ ಭಾಗವನ್ನು ಮೆಲ್ಲಗೆ ನುಂಗಿಬಿಡುತ್ತಾರೆ: ಬೇಲಿ ನನ್ನದು, ಬೇಲಿಯೊಳಗಿನ ಬೆಲೆಯನ್ನು ಹೆಚ್ಚುಪಾಲು ಹೊರಗಿನವರು ತಂದುಹಾಕಿದ್ದು.

ಇನ್ನು ಕೆ.ಆರ್. ಪುರ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಕೆ.ಆರ್. ಪುರ, ಮಹದೇವಪುರ ಆ ಏಳರಲ್ಲಿ ಎರಡು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದಾಗ ಎರಡೂ ಪೂರ್ವ ಪಾಲಿಕೆಗೆ ಬಂದವು. ಬೋರ್ಡುಗಳು ಬದಲಾದವು, ರೆವಿನ್ಯೂ ಸೈಟು ರೆವಿನ್ಯೂ ಸೈಟಾಗಿಯೇ ಉಳಿಯಿತು. ರಾಗಿ ಹೊಲವನ್ನು ಕನ್ವರ್ಷನ್ ಮಾಡಿಸದೆ, ನಕ್ಷೆಗೆ ಮಂಜೂರಾತಿ ಪಡೆಯದೆ ಸುಣ್ಣದ ಗೆರೆ ಎಳೆದು ಮಾರಿದ ಸೈಟು ಅದು. ಎಷ್ಟೋ ಕಡೆ ಕ್ರಯಪತ್ರವೂ ಇಲ್ಲ, ಜಿಪಿಎ, ಅಂದರೆ ಅಧಿಕಾರಪತ್ರದ ಮೇಲೆ ಕೈಬದಲು. ಜಿಪಿಎಯಿಂದ ಮಾಲೀಕತ್ವ ಬಾರದು ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್ 11ರಂದು ಸ್ಪಷ್ಟ ಮಾಡಿತು. ಅಷ್ಟರಲ್ಲಿ ಅಂಥ ಸೈಟುಗಳ ಮೇಲೆ ಮೂರು ಮಹಡಿ ಎದ್ದು, ಬಾಡಿಗೆಗೆ ಜನ ಬಂದಾಗಿತ್ತು. ಇಂಥವಕ್ಕೆ ಪಾಲಿಕೆ ಬಿ ಖಾತೆ ಕೊಟ್ಟಿತು. ತೆರಿಗೆ ತೆಗೆದುಕೊಳ್ಳುತ್ತೇವೆ, ಕ್ರಮಬದ್ಧ ಅನ್ನುವುದಿಲ್ಲ ಎಂಬ ಅರ್ಥದ ಖಾತೆ. ಅಕ್ರಮ ಸಕ್ರಮ ನಿಯಮಗಳು 2014ರಲ್ಲಿ ಬಂದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಬಿ ಯಿಂದ ಎ ಗೆ ಬದಲಿಸಿಕೊಳ್ಳುವ ಯೋಜನೆ ಬಂತು.

ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 2000ರಲ್ಲಿ ಒಂದು ಲೆಕ್ಕ ಕೊಟ್ಟ. ಬಡ ದೇಶಗಳಲ್ಲಿ ಜನ ಕೈಯಾರೆ ಕಟ್ಟಿಕೊಂಡ, ಆದರೆ ಸರಿಯಾದ ಹಕ್ಕುಪತ್ರವಿಲ್ಲದ ಮನೆ, ಜಾಗಗಳ ಒಟ್ಟು ಬೆಲೆ 9.3 ಲಕ್ಷ ಕೋಟಿ ಡಾಲರ್. ಅದನ್ನು ಅವನು ಸತ್ತ ಬಂಡವಾಳ ಎಂದು ಕರೆದ. ಕಾಗದ ಕೊಡಿ, ಬ್ಯಾಂಕು ಸಾಲ ಕೊಡುತ್ತದೆ, ಬಡತನ ಕರಗುತ್ತದೆ ಎಂಬುದು ವಾದ. ಕೆ.ಆರ್. ಪುರದ ಬಿ ಖಾತೆ ಮನೆಯನ್ನು ಸತ್ತದ್ದು ಎಂದವರು ತಿಂಗಳ ಐದನೇ ತಾರೀಕು ಅಲ್ಲಿ ಬಾಡಿಗೆ ವಸೂಲಿಯಾಗುವುದನ್ನು ನೋಡಿಲ್ಲ. ದೊಡ್ಡ ಬ್ಯಾಂಕು ಮುಖ ತಿರುಗಿಸಿದರೆ ಹೆಚ್ಚು ಬಡ್ಡಿಗೆ ಫೈನಾನ್ಸ್ ಕಂಪನಿ ಇದೆ, ಚೀಟಿ ಇದೆ, ಲೀಸಿಗೆ ಬರುವವರಿದ್ದಾರೆ. ಸತ್ತಿಲ್ಲ, ದುಬಾರಿ ಬಡ್ಡಿಯಲ್ಲಿ ಏದುಸಿರು ಬಿಡುತ್ತಿದೆ.

ಹಾಗಂತ ಕಾಗದದಿಂದ ಏನೂ ಆಗದು ಎಂದೂ ಅಲ್ಲ. 1981ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೊರವಲಯದಲ್ಲಿ ಸುಮಾರು 1,800 ಬಡ ಕುಟುಂಬಗಳು ಖಾಲಿ ಜಾಗ ಹಿಡಿದು ಗುಡಿಸಲು ಹಾಕಿದವು. ಸರ್ಕಾರ ಅದನ್ನು ಮೂಲ ಒಡೆಯರಿಂದ ಕೊಂಡು ಇವರಿಗೆ ಕೊಡಲು ಹೊರಟಿತು. ಕೆಲವು ಒಡೆಯರು ಪರಿಹಾರ ತೆಗೆದುಕೊಂಡರು, ಕೆಲವರು ಕೋರ್ಟಿಗೆ ಹೋದರು. ಹೀಗಾಗಿ ಒಂದೇ ಬಗೆಯ ಜನ, ಒಂದೇ ಬಗೆಯ ಜಾಗ. ಒಂದು ಸಾಲಿಗೆ ಹಕ್ಕುಪತ್ರ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ. ವರ್ಷಗಳ ನಂತರ ಗಲಿಯಾನಿ, ಶಾರ್ಗ್ರೊಡ್‌ಸ್ಕಿ ಎಂಬಿಬ್ಬರು ಅಳೆದು ನೋಡಿದರು. ಹಕ್ಕುಪತ್ರ ಸಿಕ್ಕವರ ಮನೆಗಳ ಗುಣಮಟ್ಟ ಸುಮಾರು 37 ಪರ್ಸೆಂಟ್ ಮೇಲು, ಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ. ಬ್ಯಾಂಕ್ ಸಾಲ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅಂದರೆ ಕಾಗದ ಕೊಟ್ಟದ್ದು ಸಾಲವನ್ನಲ್ಲ, ನಾಳೆ ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯವನ್ನು. 2025ರ ಮೇ 20ರಂದು ಹೊಸಪೇಟೆಯಲ್ಲಿ ತಾಂಡಾ, ಹಟ್ಟಿಗಳ ಜನರಿಗೆ ಒಂದೇ ದಿನ 1,11,111 ಹಕ್ಕುಪತ್ರ ಹಂಚಿದರು. ಅಂಕಿ ತೀರಾ ವೇದಿಕೆಗೆಂದೇ ಮಾಡಿದಂತಿದೆ, ನಿಜ. ಆದರೆ ಪಡೆದವರಿಗೆ ಅದು ಒಂದೊಂದೇ.

ಎ ಖಾತೆಯಿದ್ದವರು ಇಷ್ಟು ಓದಿ ನೆಮ್ಮದಿಯಾಗಿದ್ದರೆ ಇನ್ನೊಂದು ವಿಷಯ. ಖಾತೆ ಎನ್ನುವುದು ತೆರಿಗೆ ಯಾರು ಕಟ್ಟಬೇಕು ಎಂಬ ಲೆಕ್ಕ. ಅದರಿಂದ ಮಾಲೀಕತ್ವ ಬರುವುದಿಲ್ಲ. ಪಹಣಿಯೂ ಅಷ್ಟೆ. ಕರ್ನಾಟಕದ ‘ಭೂಮಿ’ ಯೋಜನೆ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ದೊಡ್ಡ ಸಾಹಸ, ಆದರೆ ಏರಿದ್ದು ಕಂದಾಯದ ದಾಖಲೆ. ನೋಂದಣಿಯಾದ ಕ್ರಯಪತ್ರ? ಇಂಥವರು ಇಂಥವರಿಗೆ ಮಾರಿದ್ದಾಗಿ ಬರೆದುಕೊಟ್ಟಿದ್ದಾರೆ ಎಂಬುದಕ್ಕೆ ಸಾಕ್ಷಿ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂದು ಸಬ್ ರಿಜಿಸ್ಟ್ರಾರ್ ತೀರ್ಮಾನಿಸುವುದಿಲ್ಲ, ಅದು ಅವರ ಕೆಲಸವೇ ಅಲ್ಲ ಎಂದು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬಾತ ಜಾರಿಗೆ ತಂದ ಪದ್ಧತಿಯಲ್ಲಿ ದಫ್ತರದಲ್ಲಿ ಹೆಸರಿದ್ದವನೇ ಮಾಲೀಕ, ಹೊಣೆ ಸರ್ಕಾರದ್ದು. ನಮ್ಮಲ್ಲಿ ಇವತ್ತಿಗೂ ಅದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಗಿ, ಮುದ್ರಾಂಕ, ಸೆಸ್, ಸರ್ಚಾರ್ಜ್ ಸೇರಿ ಒಟ್ಟು 7.6 ಪರ್ಸೆಂಟ್. 60 ಲಕ್ಷದ ಫ್ಲ್ಯಾಟಿಗೆ 4 ಲಕ್ಷ 56 ಸಾವಿರ ರೂಪಾಯಿ ಸರ್ಕಾರಕ್ಕೆ. ಇಷ್ಟು ಪಡೆದ ಸರ್ಕಾರ ‘ಇದು ನಿಮ್ಮದೇ’ ಎಂಬ ಖಾತರಿ ಮಾತ್ರ ಕೊಡುವುದಿಲ್ಲ. ಅದಕ್ಕೇ ಸೈಟಿನ ಗೋಡೆಗಳ ಮೇಲೆ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂಬ ಬರಹ. ತನ್ನ ಸೈಟನ್ನು ಬೇರೆ ಯಾರೋ ಮಾರಿಬಿಟ್ಟಾರು ಎಂಬ ಭಯ ಇಷ್ಟು ಸಾಮಾನ್ಯವಾದ ಊರು ಇನ್ನೆಲ್ಲಿದೆ?

ಈ ಖಾತರಿಯಿಲ್ಲದ ನೆಲದ ಮೇಲೆ ನಾವು ಇಟ್ಟಿರುವುದೆಷ್ಟು? ರಿಸರ್ವ್ ಬ್ಯಾಂಕಿನ ಸಮಿತಿಯೊಂದು 2017ರಲ್ಲಿ ಭಾರತದ ಕುಟುಂಬಗಳ ಆಸ್ತಿಯನ್ನು ಲೆಕ್ಕ ಹಾಕಿತು. ಸರಾಸರಿ ನೂರು ರೂಪಾಯಿಯಲ್ಲಿ 77 ಮನೆ, ನೆಲದಲ್ಲಿ, 11 ಚಿನ್ನದಲ್ಲಿ, 7 ಇತರ ಸಾಮಾನುಗಳಲ್ಲಿ, ಬ್ಯಾಂಕು, ಷೇರು, ವಿಮೆ, ಪಿಂಚಣಿ ಎಲ್ಲ ಸೇರಿ ಬರೀ 5. ಅದಕ್ಕೆ ಒಂದು ವರ್ಷ ಮುಂಚೆ ಬೆಂಗಳೂರಿನದೇ ಆದ ದಕ್ಷ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ನೂರು ಸಿವಿಲ್ ದಾವೆಗಳಲ್ಲಿ 66 ಜಮೀನು, ಆಸ್ತಿಯವು.

ದಾವೆಗಳಲ್ಲಿ ಬಹಳಷ್ಟು ಮನೆಯೊಳಗಿನವೇ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಕಾಯ್ದೆ ತಂದಿತ್ತು. 1994ರಿಂದ ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು, 2005ರಿಂದ ದೇಶದಲ್ಲೆಲ್ಲ ಎಲ್ಲ ಹಿಂದೂ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲುದಾರರು. ಅಪ್ಪ ಯಾವಾಗ ತೀರಿಕೊಂಡಿದ್ದರೂ ಸರಿ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸೇರಿಸಿತು. ಕೆ.ಆರ್. ಪುರದ ಕಡೆ ಒಬ್ಬ ಮುತ್ತಾತನಿಗೆ ಒಂದು ಎಕರೆ ಇತ್ತೆನ್ನಿ. ತಲೆಮಾರಿಗೆ ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳು. ಕಾನೂನಿನ ಒಳಸುಳಿ ಬಿಟ್ಟು ಬರೀ ಗಣಿತ ನೋಡಿದರೆ, ಗಂಡುಮಕ್ಕಳಿಗೆ ಮಾತ್ರ ಹಂಚಿಕೊಂಡು ಬಂದಿದ್ದರೆ ಮೂರನೆಯ ತಲೆಮಾರಿಗೆ ಎಂಟು ಪಾಲು, ತಲೆಗೆ 5,445 ಚದರಡಿ. ಎಲ್ಲರಿಗೂ ಹಂಚಿದರೆ 64 ಪಾಲು, ತಲೆಗೆ 680 ಚದರಡಿ. ಗುಂಟೆಯ ಮುಕ್ಕಾಲೂ ಅಲ್ಲ. ಹಕ್ಕು ನ್ಯಾಯವಾದದ್ದೇ; ಅಕ್ಕತಂಗಿಯರನ್ನು ಅರಿಶಿನ ಕುಂಕುಮದಲ್ಲಿ ಮುಗಿಸಿದ ಕಾಲ ಹೋದದ್ದು ಒಳ್ಳೆಯದೇ. ಆದರೆ ಆ ಎಕರೆಯಲ್ಲಿ ಒಂದು 30×40 ಕೊಳ್ಳಬೇಕೆಂದವರು ವಂಶವೃಕ್ಷ ತರಿಸಿ 64 ಸಹಿ ಎಣಿಸಬೇಕು.

ಒಬ್ಬಳು ಕ್ಯಾಲಿಫೋರ್ನಿಯಾದಲ್ಲಿರುತ್ತಾಳೆ, ಇರಲೇಬೇಕು. ಅವಳು ಭಾರತದ ಕಾನ್ಸುಲೇಟಿಗೆ ಹೋಗಿ ಅಣ್ಣನ ಹೆಸರಿಗೆ ಜಿಪಿಎ ಬರೆದುಕೊಟ್ಟು ಕೊರಿಯರ್ ಮಾಡಬೇಕು. ಅದು ಇಲ್ಲಿ ಬಂದಿಳಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಣ್ಣನಿಗೂ ಅವಳಿಗೂ ಮಾತಿಲ್ಲದಿದ್ದರೆ, ಉಳಿದ 63 ಸಹಿ ಬಿದ್ದಿದ್ದರೂ, ಬ್ರೋಕರ್ ಮುಂದಿನ ಸೈಟು ತೋರಿಸಲು ಬೈಕು ತಿರುಗಿಸುತ್ತಾನೆ.